ತೊಗರಿ ಕಾಟಾದ ರಿಪೇರಿ ಅಕ್ಕ

ಆಳಂದದ, ರೈತರ ಕಾಳು ಮಾರಿಸಿಕೊಡುವ ಅಡತ ಅಂಗಡಿಗಳಲ್ಲಿ ತೂಕದ ಕಾಟಾ, ಅದಕ್ಕೆ ಜೋಡಿಸಿದ ಕಂಪ್ಯೂಟರು ಎರಡನ್ನೂ ರಿಪೇರಿ ಮಾಡುತ್ತಿದ್ದ ಆ ಅಕ್ಕ, ವೈರು ಮುಟ್ಟುವ ಮೊದಲು ಸೆರಗಿಗೆ ಕೈ ಒರೆಸಿಕೊಂಡು ಒಂದೇ ಮಾತು ಹೇಳುತ್ತಿದ್ದರು: “ಮೊದಲ ಕೇಳ್ರಿ, ಆಮ್ಯಾಲ ಬೈರಿ.”

ನಾನು ಬೈಯುವುದರಲ್ಲೇ ಮುಂದು. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಹುಮ್ಮಸ್ಸು ಬೇರೆ. ಒಂದು ದಿನ ನಮ್ಮ ತೊಗರಿ ಚೀಲ ಕಾಟಾದ ಮೇಲಿಟ್ಟಾಗ ಕಂಪ್ಯೂಟರಿನಲ್ಲಿ ಅಂಕಿಯ ಬದಲು ಹುಚ್ಚುಚ್ಚು ಗುರುತುಗಳು ಬಂದವು. “ಇದು ಮೋಸ! ಈ ಗುಮಾಸ್ತನ್ನ ಕೆಲಸದಿಂದ ತೆಗೀರಿ,” ಎಂದು ಕೂಗಿದೆ. ಗುಮಾಸ್ತ ಚಾಚಾ ಬೆವೆತರು. ಅಂಗಡಿಯ ಸಾವ್ಕಾರರು ಅವರನ್ನೇ ದಿಟ್ಟಿಸಿ, ಅಕ್ಕನಿಗೆ ಹೇಳಿಕಳಿಸಿದರು.

ಅಕ್ಕ ಬಂದು, ಬಿಲ್ಲಿನ ಪರದೆಯನ್ನು ಮುಚ್ಚದೆಯೇ ಮೂರು ಕೀಲಿ ಒಟ್ಟಿಗೆ ಒತ್ತಿ ಇನ್ನೊಂದು ಕಪ್ಪು ಪರದೆಗೆ ಹೋದರು.

“ಏನ್ ಮುಚ್ಚಾಕತ್ತೀರಿ ಅಕ್ಕಾರ?” ಎಂದೆ.

“ಮುಚ್ಚಾಕಲ್ಲ ತಮ್ಮಾ, ತೋರ್ಸಾಕ. ನಿನ್ನೆ ಹೊಸಾ ಕಾಟಾ ಕುಂದ್ರಿಸ್ಯಾರ. ಅದು ಸಾವಕಾಶ ಮಾತಾಡ್ತದ. ಕಾಟಾದ ವೈರು ಕಂಪ್ಯೂಟರಿಗೆ ಕೂಡೂ ಈ ಸೀರಿಯಲ್ ಪೋರ್ಟ್ ನಿನ್ನಂಗ ಗಡಬಡಿ ಮಾಡಿ ಕೇಳ್ತದ. ತಿಳೀಬೇಕಂದ್ರ ಹ್ಯಾಂಗ?”

ಒಂದು ಸಾಲು ಟೈಪಿಸಿ ಪೋರ್ಟಿನ ವೇಗ ಇಳಿಸಿದರು. ಬಿಲ್ಲಿನ ಪರದೆಗೆ ಮರಳಿದಾಗ ಅಂಕಿಗಳು ನೆಟ್ಟಗೆ ನಿಂತಿದ್ದವು.

ನಾನು ಬಿಡಲಿಲ್ಲ. “ಅಂಕಿ ಬಂದ್ರ ಖರೇ ಅಂತ ಹ್ಯಾಂಗ ನಂಬ್ಲಿ?”

“ಭೇಷ್! ನಂಬಬ್ಯಾಡ. ಚೀಲಾ ಇಳಸಿ ನೀನೇ ನಿಲ್ಲು.”

ನಿಂತೆ. ಹಿಂದಿನ ವಾರ ರಕ್ತದಾನಕ್ಕೆ ಹೋದಾಗ ತೂಗಿದ ನನ್ನ ತೂಕವೇ ಪರದೆಯಲ್ಲಿ ಮೂಡಿತು. ಬಹುಮಾನಗಳು ಬಹಳ ಬಂದಿವೆ. ನನ್ನ ಅನುಮಾನಕ್ಕೆ ಸಿಕ್ಕ ಆ ‘ಭೇಷ್’ ಮಾತ್ರ ಇಂದಿಗೂ ಎದೆ ಉಬ್ಬಿಸುತ್ತದೆ.

“ತಪ್ಪಾತ್ರಿ ಚಾಚಾ,” ಎಂದೆ.

ಚಾಚಾ ಬೆವರು ಒರೆಸಿಕೊಂಡು ನಕ್ಕರು. “ಆತು, ಇಳೀರಿ ಈಗ. ತೊಗರಿ ತೂಗೂದದ.”