ಅಕ್ಕ ಬೇಡವೆಂದ ಸೂಜಿ

ನೋವು ಕಳೆಯುವ ಔಷಧವೇ ನೋವು ಬೆಳೆಸುತ್ತದೆ ಎಂದು ಯಾರಾದರೂ ಹೇಳಿದ್ದರೆ ಆಗ ನಾನು ನಕ್ಕುಬಿಡುತ್ತಿದ್ದೆ. ಚಿತ್ತಾಪುರದ ದವಾಖಾನೆಯಲ್ಲಿ ಒಂಬತ್ತು ವರ್ಷ ಕಂಪೌಂಡರ್ ಆಗಿದ್ದವನು ನಾನು. ಮಾರ್ಫಿಯಾ ಸೂಜಿ ಚುಚ್ಚಿದ ಮೇಲೆ ಅರಚುವವರು ಸುಮ್ಮನಾಗುವುದನ್ನು ಕಣ್ಣಾರೆ ಕಂಡಿದ್ದೆ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷವದು. ಶಹಾಬಾದದಲ್ಲಿದ್ದ ನನ್ನ ಅಕ್ಕ ನೀಲಮ್ಮನಿಗೆ ಎದೆಯಲ್ಲಿ ಕ್ಯಾನ್ಸರ್ ಆಗಿ, ಬೆನ್ನಿಗೂ ಇಳಿದಿತ್ತು. ಗಂಡ ತೀರಿಕೊಂಡಿದ್ದ, ನನ್ನ ಬಿಟ್ಟರೆ ಅವಳಿಗೆ ದಿಕ್ಕಿರಲಿಲ್ಲ. ರಜೆ ಹಾಕಿ ಹೋಗಿ, ಅಲ್ಲಿಯ ಡಾಕ್ಟರರು ಹೇಳಿದಂತೆ ನಾನೇ ಸೂಜಿ ಕೊಡತೊಡಗಿದೆ. ಮೊದಲ ವಾರಗಳಲ್ಲಿ ಅವಳು ಎದ್ದು ಕೂತು ರೊಟ್ಟಿ ತಿಂದಳು.

ಆಮೇಲೆ ನೋವು ಹೆಚ್ಚಿತು, ಡೋಸೂ ಹೆಚ್ಚಿತು. ಒಂದು ಮಧ್ಯಾಹ್ನ ಸೂಜಿ ಕೊಟ್ಟು ಸ್ವಲ್ಪ ಹೊತ್ತಾಗಿತ್ತು, ಅವಳ ಪಾದದ ಮೇಲೆ ನೊಣ ಕೂತಿತು. ಅಕ್ಕ ಕೆಂಡ ತುಳಿದವಳಂತೆ ಚೀರಿದಳು. ಆ ಕಾಲಿಗೆ ಏನೂ ಆಗಿರಲಿಲ್ಲ. ಹಳೆಯ ಧೋತರ ಹೊದಿಸಲು ಹೋದರೆ, ಅದು ತಾಕಿದಲ್ಲೆಲ್ಲ ಕೂಗಿದಳು.

“ತಮ್ಮಾ, ಸೂಜಿ ಬ್ಯಾಡೋ. ನೀ ಚುಚ್ಚಿದ ಮ್ಯಾಲೇ ನೋವು ಎದ್ದು ಮೈತುಂಬ ಓಡಾಡ್ಲಿಕತ್ತದ.”

“ಹಂಗ್ಯಾಂಗ ಆಗ್ತದಕ್ಕಾ? ಇದು ನೋವಿನ ದವಾನೇ ಅದ,” ಅಂದೆ.

ಡಾಕ್ಟರರು ಬಂದು ನೋಡಿ, “ರೋಗ ಭಾಳ ಏರಲಿಕತ್ತದರಿ. ಇನ್ನಷ್ಟು ಕೊಡ್ರಿ,” ಅಂದರು. ಹನ್ನೆರಡು ದಿನ ಹೆಚ್ಚಿಸುತ್ತಾ ಹೋದೆ. ಕೊನೆಕೊನೆಗೆ ಮಂಚಕ್ಕೆ ಯಾರ ಕೈ ತಗುಲಿದರೂ ಅವಳ ಮೈ ಸೆಟೆಯುತ್ತಿತ್ತು. ನನ್ನ ಹೆಜ್ಜೆ ಕೇಳಿದರೆ ತೋಳನ್ನು ಸೆರಗಿನೊಳಗೆ ಬಚ್ಚಿಡುತ್ತಿದ್ದಳು. ನಾನು ಆ ತೋಳನ್ನು ಎಳೆದು ಚುಚ್ಚಿದೆ.

ಅಷ್ಟರಲ್ಲಿ ಸಂಸ್ಥಾನದಲ್ಲಿ ಗದ್ದಲದ ದಿನಗಳು ಬಂದವು. ವಾಡಿ ಜಂಕ್ಷನ್ನಿಗೆ ರೈಲಿನಲ್ಲಿ ಬರಬೇಕಿದ್ದ ಔಷಧದ ಪೆಟ್ಟಿಗೆ ಬರಲಿಲ್ಲ. ಇದ್ದುದನ್ನು ಉಳಿಸಲು ಡಾಕ್ಟರರು ದಿನದಿನಕ್ಕೂ ಡೋಸು ಇಳಿಸಿದರು. ಇನ್ನು ಅವಳ ಗೋಳು ನೋಡಲಾಗದು ಅಂದುಕೊಂಡೆ. ಅಕ್ಕ ಬೆವರಿದಳು, ಚಡಪಡಿಸಿದಳು. ಆದರೆ ಡೋಸು ಅರ್ಧಕ್ಕಿಂತ ಕಡಿಮೆಯಾದ ಮೇಲೆ ಒಂದು ಬೆಳಿಗ್ಗೆ, “ಥಂಡಿ ಆಗ್ಲಿಕತ್ತದ, ಕೌದಿ ಹಾಕು,” ಅಂದಳು. ಆ ಭಾರದ ಕೌದಿಯನ್ನು ಹೆದರಿ ಹೆದರಿ ಹೊದಿಸಿದೆ. ಚೀರಲಿಲ್ಲ. ಎದೆ, ಬೆನ್ನು ಮೊದಲಿನ ಹಾಗೆ ನೋಯುತ್ತಿದ್ದವು, ಅಷ್ಟೇ. ಪಕ್ಕದ ಮನೆಯಾಕೆಯಿಂದ ತಲೆ ಬಾಚಿಸಿಕೊಂಡಳು. ನನ್ನನ್ನು ನೋಡಿ, “ನೀ ಉಂಡಿಯೇನೋ?” ಎಂದು ಕೇಳಿದಳು.

ಆಮೇಲೆ ಆರು ದಿನ ಬದುಕಿದ್ದಳು.

ಕೊನೆಗಾಲದಲ್ಲಿ ನೋವು ಹೀಗೆ ತಾನಾಗಿ ಇಳಿಯುವುದುಂಟು ಎಂದರು ಡಾಕ್ಟರರು. ಇರಬಹುದು. ಮುಂದೆ ಎಷ್ಟೋ ಜನರಿಗೆ ಅದೇ ಸೂಜಿ ಕೊಟ್ಟೆ. ಹೆಚ್ಚಿನವರಿಗೆ ಆರಾಮವೇ ಆಯಿತು. ಆ ಹನ್ನೆರಡು ದಿನ ನಾನು ಅಕ್ಕನಿಗೆ ಮಾಡಿದ್ದು ಏನು ಎಂಬುದು ಮಾತ್ರ ನನಗೆ ಇಂದಿಗೂ ತಿಳಿದಿಲ್ಲ.