ಇಸ್ತ್ರಿ ಮಾಸ್ಟರು ನೀರು ನೋಡಿದ್ದು

ಬಿಸಿಯ ವಿಷಯದಲ್ಲಿ ತನಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿಲ್ಲ ಎಂದು ಇಸ್ತ್ರಿ ಮಾಸ್ಟರು ಮೂವತ್ನಾಲ್ಕು ವರ್ಷ ನಂಬಿಕೊಂಡಿದ್ದರು. ಮನೆಯ ಮುಂಭಾಗದಲ್ಲೇ ಅವರ ಅಂಗಡಿ: ಒಂದು ಮೇಜು, ಅದರ ಮೇಲೆ ಸುಟ್ಟ ಕಲೆಗಳ ಹಳೆ ಕಂಬಳಿ, ಕೈ ಬೀಳುವಷ್ಟು ಭಾರದ ಇಸ್ತ್ರಿ ಪೆಟ್ಟಿಗೆ. ಪೆಟ್ಟಿಗೆ ಕಾದಿದೆಯೋ ಇಲ್ಲವೋ ನೋಡಲು ಬೆರಳನ್ನು ನಾಲಿಗೆಗೆ ತಾಗಿಸಿ ಚುಯ್ ಎಂದು ಅದರ ತಳಕ್ಕೆ ಒತ್ತುವುದು ಅವರ ಪದ್ಧತಿ. ಗಿರಾಕಿಗಳು ಬೆಚ್ಚಿ ಹಿಂದೆ ಸರಿದರೆ ಮಾಸ್ಟರಿಗೆ ಅಂದಿನ ಊಟ ರುಚಿಸುತ್ತಿತ್ತು. "ಜಂಬ ಪಡೋಕೇನು, ಕಾಸು ಕೊಡ್ಬೇಕಾ?" ಎಂದು ಈಗ ಅವರೇ ಹೇಳಿಕೊಂಡು ನಗುತ್ತಾರೆ.

ಇಂಥವರ ಪಾಲಿಗೆ ಮೊಮ್ಮಗಳ ಸ್ನಾನ ಬಂತು. ಜೊತೆಯಲ್ಲೇ ಇದ್ದ ಮಗಳಿಗೆ ಬೆಳಗಿನ ಪಾಳಿ ಶುರುವಾಗಿತ್ತು. ಎರಡೂವರೆ ವರ್ಷದ ಪುಟ್ಟಿಯನ್ನು ಅಪ್ಪನ ಕೈಗೆ ಒಪ್ಪಿಸುವಾಗ ಬಾಗಿಲಲ್ಲೇ ನಿಂತು ಹೇಳಿದಳು:

"ಅಪ್ಪಾ, ಟಬ್ಬಿಗೆ ಮೊದ್ಲು ತಣ್ಣೀರು, ಆಮೇಲೆ ಬಿಸಿನೀರು. ಯಾರೇ ಕರೆದ್ರೂ ಇವಳನ್ನ ಬಿಟ್ಟು ಏಳ್ಬೇಡಿ. ಒಂದು ಗೇಣು ನೀರಲ್ಲೂ ಮಕ್ಕಳು ಮುಳುಗಿಬಿಡ್ತವೆ."

"ನೀನು ಹುಟ್ಟೋಕೆ ಮುಂಚಿಂದ ಬಿಸಿ ಜೊತೆ ಸಂಸಾರ ಮಾಡ್ತಿದೀನಿ, ಹೋಗಮ್ಮ," ಎಂದರು ಮಾಸ್ಟರು.

ಹೇಳಿದ್ದನ್ನೆಲ್ಲ ಮಾಡಿದರು ಎನ್ನಿ. ತಣ್ಣೀರು ಬಿಟ್ಟರು, ಆಮೇಲೆ ಗೀಸರಿನ ನಲ್ಲಿ ತಿರುಗಿಸಿದರು. ಹೊರಗಿನಿಂದ ಯಾರೋ, "ಮಾಸ್ಟ್ರೇ, ನನ್ನ ಪ್ಯಾಂಟು!" ಎಂದು ಕೂಗಿದರು. ಇವರು ಕದಲಲಿಲ್ಲ. "ಹಳೇದೇ ಹಾಕ್ಕೊಂಡು ಹೋಗಿ!" ಎಂದು ಒಳಗಿನಿಂದಲೇ ಗದರಿ, ತಮ್ಮ ಕರ್ತವ್ಯನಿಷ್ಠೆಗೆ ತಾವೇ ತಲೆದೂಗಿದರು. ಕೊನೆಗೆ ಟಬ್ಬಿನಲ್ಲಿ ಕೈ ಅದ್ದಿದರು. ಉಗುರುಬೆಚ್ಚಗೆ ಅನ್ನಿಸಿತು. ಮಗುವಿಗೆ ಚಳಿಯಾದೀತೆಂದು ಇನ್ನೆರಡು ಮಗ್ ಬಿಸಿನೀರು ಸುರಿದು, ಪುಟ್ಟಿಯನ್ನು ಕಂಕುಳಿಗೆ ಕೈಕೊಟ್ಟು ಮೆಲ್ಲಗೆ ಇಳಿಸಿದರು.

ಕಾಲ್ಬೆರಳು ನೀರಿಗೆ ತಾಗಿತೋ ಇಲ್ಲವೋ, ಪುಟ್ಟಿ ಸೂರು ಕಿತ್ತುಹೋಗುವಂತೆ ಕಿರುಚಿದಳು. ಮಾಸ್ಟರು ಸರಕ್ಕನೆ ಮೇಲೆತ್ತಿದರು. ಬಲಗಾಲಿನ ಬೆರಳುಗಳು ಕೆಂಪಗಾಗಿದ್ದವು. ತಣ್ಣೀರಿನ ನಲ್ಲಿ ಬಿಟ್ಟು, ಪಾದವನ್ನು ಅದರಡಿ ಹಿಡಿದು, ಒದ್ದೆ ನೆಲದ ಮೇಲೆ ಇಪ್ಪತ್ತು ನಿಮಿಷ ಕುಕ್ಕರುಗಾಲಲ್ಲಿ ಕೂತರು. ಪುಣ್ಯಕ್ಕೆ ಬೊಬ್ಬೆ ಏಳಲಿಲ್ಲ. ಪಕ್ಕದ ಟಬ್ಬಿನಿಂದ ಹಬೆ ಏಳುತ್ತಿತ್ತು. ಅದು ಮೊದಲೂ ಏಳುತ್ತಿತ್ತು. ಮಹಾಶಯರಿಗೆ ತಮ್ಮ ಕೈಯ ಮೇಲಿದ್ದ ನಂಬಿಕೆ ಕಣ್ಣಿನ ಮೇಲೆ ಇರಲಿಲ್ಲ ಅಷ್ಟೆ. ಊರಿಗೆಲ್ಲ ತೋರಿಸಿ ಮೆರೆದ ಬೆರಳಿನ ಜೀವ ಯಾವ ಕಾಲದಲ್ಲಿ ಹೋಗಿತ್ತೋ, ಅವರಿಗೇ ಸುದ್ದಿ ಮುಟ್ಟಿರಲಿಲ್ಲ.

ಮಗಳು ಬರುವಷ್ಟರಲ್ಲಿ ಕೆಂಪು ಮುಕ್ಕಾಲು ಪಾಲು ಇಳಿದಿತ್ತು. ನಡೆದದ್ದು ಹೇಳಿದರೆ ಪುಟ್ಟಿ ನಾಳೆಯಿಂದಲೇ ಶಿಶುವಿಹಾರಕ್ಕೆ. ಮಾಸ್ಟರಿಗೆ ಬೆಳಗೆಲ್ಲ ಕಂಡವರ ಅಂಗಿಗಳೇ ಗತಿ. ಇರುವೆ ಕಚ್ಚಿತು ಎನ್ನಲೇ? ಚಪ್ಪಲಿ ಉಜ್ಜಿತು ಎನ್ನಲೇ? ಮೂರು ಸುಳ್ಳು ಹೆಣೆದರು, ಒಂದಕ್ಕೂ ಮಡಿಕೆ ನೆಟ್ಟಗೆ ಕೂರಲಿಲ್ಲ.

"ಮಗೂನ ಸುಟ್ಟುಬಿಡ್ತಿದ್ದೆ ಕಣಮ್ಮ," ಎಂದರು. "ನನ್ನ ಕೈಗೆ ಬಿಸಿನೇ ತಿಳಿಯಲ್ಲ. ಇವಳನ್ನ ನನ್ನ ಹತ್ರ ಬಿಡ್ಬೇಡ."

ಮಗಳು ಆ ಪಾದವನ್ನು ಹೊರಳಿಸಿ ಹೊರಳಿಸಿ ನೋಡಿದಳು.

"ಕೆಟ್ಟ ಕೋಪ ಬಂದಿದೆ ಅಪ್ಪಾ. ಆದ್ರೆ ನೀವಾಗೇ ಹೇಳಿದ್ರಲ್ಲ, ಅದಕ್ಕೇ ನಿಮ್ಮ ಹತ್ರಾನೇ ಬಿಡ್ತೀನಿ. ನಾಳೆಯಿಂದ ಕೈ ಅದ್ದಬೇಡಿ, ಮೊಣಕೈ ಅದ್ದಿ. ಅಲ್ಲಿ ಬಿಸಿ ಅನ್ನಿಸಿದ್ರೆ ಇವಳಿಗೆ ಬೆಂಕಿ." ಎದ್ದು ಹೋಗಿ ಗೀಸರಿನ ಬಿಸಿಯನ್ನು ತಗ್ಗಿಸಿ ಬಂದಳು.

ಮರುದಿನ ಮಾಸ್ಟರು ಅಂಗಿಯ ತೋಳು ಮೇಲೇರಿಸಿ ಟಬ್ಬಿಗೆ ಮೊಣಕೈ ಇಳಿಸಿದರು. ಎರಡು ಸಲ ತಣ್ಣೀರು ಬೆರೆಸಿದರು. ಪುಟ್ಟಿ ಗೋಡೆಗೆ ಅಂಟಿಕೊಂಡು ಅವರನ್ನೇ ಅನುಮಾನದಿಂದ ನೋಡುತ್ತಿದ್ದಳು. ಆಮೇಲೆ ಒಂದೊಂದೇ ಹೆಜ್ಜೆ ಹತ್ತಿರ ಬಂದಳು.

ಸ್ನಾನ ಮುಗಿಸಿ ಎತ್ತಿಕೊಂಡಾಗ ಅವಳ ಒದ್ದೆ ಕೆನ್ನೆ ಅವರ ತೋಳಿನ ಒಳಮಗ್ಗುಲಿಗೆ ಒರಗಿತು. ಮಾಸ್ಟರು ನಿಂತಲ್ಲೇ ನಿಂತುಬಿಟ್ಟರು. ಹುಟ್ಟಿದಾಗಿನಿಂದ ದಿನಕ್ಕೆ ಹತ್ತು ಸಲ ಬೆರಳಿನಿಂದ ಸವರಿದ ಕೆನ್ನೆ ಅದು. ಇಷ್ಟು ಮೆತ್ತಗಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ.