ಬುಟ್ಟಿಯಲ್ಲಿ ಬಂದದ್ದು

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ನಾನಲ್ಲ. ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಲೆಕ್ಕ ಬಿಡಿಸಿ ತೋರಿಸದಿದ್ದರೆ ಬರೀ ಉತ್ತರಕ್ಕೆ ಅಂಕ ಕೊಡುವುದಿಲ್ಲ. ನಮ್ಮ ಅತ್ತೆ ಇದಕ್ಕೆ ತದ್ವಿರುದ್ಧ. ತೀರಿಕೊಂಡ ಮಾವನವರು ಸಂಜೆ ಹೊತ್ತು ಕೆಮ್ಮಿದ್ದು ಕೇಳಿಸಿತು ಅನ್ನುವರು. ಎದುರಿಗೆ ಕೂತು ಕೂಗಿದರೂ ಕೇಳಿಸದ ಕಿವಿಗೆ ಅದು ಹೇಗೆ ಕೇಳಿಸಿತು ಅಂತ ನಾನು ನಗುತ್ತಿದ್ದೆ. ಅವರು ಮಾತನ್ನು ಅಲ್ಲಿಗೇ ನುಂಗಿಕೊಳ್ಳುವರು. ಈಗ ಇದನ್ನು ಬರೆಯಲು ನನಗೇ ನಾಚಿಕೆ. ನಗುವವರು ನಗಲಿ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾವು ಬೀದರ್ ಕಡೆಯವರು. ಹೈದರಾಬಾದಿನ ನಾಚಾರಂನಲ್ಲಿ ಯಜಮಾನರ ಕಾರ್ಖಾನೆಯ ಹತ್ತಿರವೇ ಬಹಳ ವರ್ಷ ಇದ್ದೆವು. ಮಗಳು ಪಲ್ಲವಿಯ ಕೋಚಿಂಗ್ ಸಲುವಾಗಿ ಕೆಲವು ವರ್ಷಗಳ ಹಿಂದೆ ದಿಲ್‌ಸುಖ್‌ನಗರಕ್ಕೆ ಮನೆ ಬದಲಿಸಬೇಕಾಯಿತು. ಅಲ್ಲಿ ಮೂರನೇ ಮಹಡಿ. ಅತ್ತೆಯ ಬೆಕ್ಕು ಶಾಣಿಯನ್ನು ನಾಚಾರಂನ ಪಕ್ಕದ ಮನೆಯ ಯಾದಮ್ಮನಿಗೆ ಕೊಟ್ಟುಬಿಡೋಣ ಅಂತ ನಾನು ತಿಂಗಳುಗಟ್ಟಲೆ ಪಟ್ಟು ಹಿಡಿದೆ. ಅತ್ತೆ ಜಗಳವಾಡಲಿಲ್ಲ, ಊಟ ಕಡಿಮೆ ಮಾಡಿದರು. ಮಾವ ಹೋದಮೇಲೆ ಶಾಣಿಗೆ ಹಾಲಲ್ಲಿ ನೆನೆಸಿದ ರೊಟ್ಟಿಚೂರು ಹಾಕದೆ ಅವರು ತುತ್ತು ಎತ್ತುತ್ತಿರಲಿಲ್ಲ. ಕೊನೆಗೆ ನಾನೇ ಸೋತೆ.

ಬೆಕ್ಕಿಗೆ ದಾರಿ ತೋರಿಸಬಾರದು ಅನ್ನುವುದು ನಮ್ಮ ಮನೆಯ ಪದ್ಧತಿ. ದಾರಿ ಕಂಡರೆ ಹಳೇ ಮನೆಗೇ ಓಡಿಹೋಗುತ್ತದಂತೆ. ಬುಟ್ಟಿಯಲ್ಲಿ ಕೂರಿಸಿ, ಮೇಲೆ ಹಳೇ ಸೀರೆ ಮುಚ್ಚಿ ಕಟ್ಟಿ ಒಯ್ಯಬೇಕು. ಹೊಸ ಮನೆಯಲ್ಲಿ ಹಾಲು ಉಕ್ಕುವವರೆಗೆ ಬಿಚ್ಚಬಾರದು. ಅತ್ತೆಗೆ ಬೆರಳು ನೋವು, ಹಾಗಾಗಿ ಶಾಣಿಯನ್ನು ಕೂರಿಸಿ ಗಂಟು ಬಿಗಿದವಳು ನಾನು. ಬುಟ್ಟಿಯನ್ನು ಬಾಗಿಲ ಬಳಿ ಇಟ್ಟು ಉಳಿದ ಪಾತ್ರೆಗಳನ್ನು ಟೆಂಪೋಗೆ ಸಾಗಿಸಿ ಬಂದೆ. ಯಜಮಾನರೂ ಪಲ್ಲವಿಯೂ ಟೆಂಪೋದಲ್ಲಿ ಮುಂದೆ ಹೋದರು. ಅತ್ತೆ, ನಾನು ಬುಟ್ಟಿ ಹಿಡಿದು ಆಟೋ ಹತ್ತಿದೆವು.

ಬುಟ್ಟಿ ನನ್ನ ತೊಡೆಯ ಮೇಲಿತ್ತು. ಭಾರಕ್ಕೆ ಕಾಲು ಜೋಮು ಹಿಡಿದಿತ್ತು. ಹಬ್ಸಿಗುಡದ ಸಿಗ್ನಲ್ಲಿನಲ್ಲಿ ಒಳಗಿನಿಂದ ಸಣ್ಣಗೆ ಮಿಯಾಂವ್ ಅಂದಿತು. ಆಟೋದವನು ತಿರುಗಿ, ಬೆಕ್ಕಾ ಅಮ್ಮಾ, ನಮ್ಮ ಮನೆಯಲ್ಲೂ ಎರಡಿವೆ ಅಂತ ಹಿಂದಿಯಲ್ಲಿ ಹೇಳಿ ನಕ್ಕ. ರಾಮಂತಾಪುರ ದಾಟುವಾಗ ಅತ್ತೆ, ಅದು ಸುಮ್ಮನೆ ಕೂತಿದೆಯೋ ಇಲ್ಲವೋ ಅಂತ ಕೇಳಿದರು. ನಾನು ಸೀರೆಯ ಮೇಲೆ ಅಂಗೈ ಇಟ್ಟೆ. ಕೆಳಗಿನಿಂದ ದುಂಡನೆಯ ತಲೆಯೊಂದು ಎದ್ದು ಅಂಗೈಯನ್ನು ಒತ್ತಿತು. ಸ್ವಲ್ಪ ತಡೆದು ಮತ್ತೊಮ್ಮೆ ಒತ್ತಿತು.

ಅವರ ಕಿವಿಗೆ ಬಾಗಿ, "ಐತ್ರಿ ಅತ್ತಿ, ನನ್ನ ಕೈಗೆ ತಲಿ ಒತ್ತಾಕತ್ತೈತಿ" ಅಂದೆ. ಎಷ್ಟೋ ದಿನಗಳ ಮೇಲೆ ಅವರ ಮುಖ ಅರಳಿತು.

ಹೊಸ ಮನೆಯಲ್ಲಿ ಹಾಲು ಉಕ್ಕಿತು. ಅತ್ತೆ ಬಟ್ಟಲಲ್ಲಿ ಹಾಲು ಹಿಡಿದು ಕೂತರು. ನಾನು ಹಾಕಿದ ಗಂಟು ಹಾಕಿದಂತೆಯೇ ಇತ್ತು. ಬಿಚ್ಚಿದರೆ ಬುಟ್ಟಿ ಖಾಲಿ. ಒಳಗೆ ಹಾಸಿದ್ದ ಬಟ್ಟೆ ಮಾತ್ರ ಬೆಚ್ಚಗಿತ್ತು. ಅಷ್ಟರಲ್ಲೇ ಯಾದಮ್ಮನ ಫೋನ್: ನಿಮ್ಮ ಆಟೋ ತಿರುವು ದಾಟುವಾಗಲೇ ಶಾಣಿ ನಿಮ್ಮ ಕಿಟಕಿಯ ಕಟ್ಟೆಯ ಮೇಲೆ ಕೂತಿತ್ತು, ಕೂಗಿದರೂ ನೀವು ನಿಲ್ಲಲಿಲ್ಲ, ಇನ್ನೂ ಅಲ್ಲೇ ಕೂತಿದೆ.

ಯಜಮಾನರು ನನ್ನನ್ನೇ ನೋಡಿದರು. "ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳಬೇಕಿತ್ತು. ಅವ್ವಗ ಹಿಂಗ ಖಾಲಿ ಬುಟ್ಟಿ ತಂದು ಕೊಡಬಾರದಿತ್ತು" ಅಂದರು. ಪಲ್ಲವಿ ನನ್ನ ಪಕ್ಕದಿಂದ ಎದ್ದು ಅಜ್ಜಿಯ ಹತ್ತಿರ ಹೋಗಿ ಕೂತಳು. ಮಿಯಾಂವ್ ಕೇಳಿದ ಆಟೋದವನು ಆಗಲೇ ಹೋಗಿಯಾಗಿತ್ತು. ನಾನು ಏನು ಹೇಳಿದರೂ ಕಟ್ಟುಕತೆಯೇ. ಇಂಥ ಉತ್ತರ ಬರೆದ ಹುಡುಗಿಗೆ ನಾನೇ ಸೊನ್ನೆ ಕೊಡುತ್ತಿದ್ದೆ.

ನಮ್ಮ ಮುಖ ನೋಡಿ ಅತ್ತೆ ಏನಾಯಿತು ಅಂದರು. ಯಜಮಾನರು ಅವರ ಕಿವಿಯ ಬಳಿ ಜೋರಾಗಿ ಎಲ್ಲ ಹೇಳಿದರು. ಅತ್ತೆ ಹಾಲಿನ ಬಟ್ಟಲನ್ನು ಕೆಳಗಿಟ್ಟರು.

"ಕೈಗೆ ತಲಿ ಒತ್ತಾಕತ್ತೈತಿ ಅಂದಾಳ ಅಕಿ. ಅಂದಮ್ಯಾಲ ಬುಟ್ಟ್ಯಾಗ ಇತ್ತು. ನೀ ಹೋಗಿ ಬೆಕ್ಕ ತಗೊಂಡು ಬಾ."

ಯಜಮಾನರು ಸಂಜೆಯೊಳಗೆ ಶಾಣಿಯನ್ನು ತಂದರು. ಅದು ದಾರಿಯುದ್ದಕ್ಕೂ ಕಿರುಚಿತಂತೆ. ಆಮೇಲೆ ಡಾಕ್ಟರ ಬಳಿಗೆ ಎಷ್ಟೋ ಸಲ ಅದೇ ಬುಟ್ಟಿಯಲ್ಲಿ ಒಯ್ದಿದ್ದೇನೆ. ಒಮ್ಮೆಯೂ ಸುಮ್ಮನೆ ಕೂತಿಲ್ಲ, ಒಮ್ಮೆಯೂ ನನ್ನ ಕೈಗೆ ತಲೆ ಒತ್ತಿಲ್ಲ. ನಾನು ಪಾತ್ರೆ ಸಾಗಿಸುವಾಗ ಅದು ಹೇಗೋ ನುಸುಳಿರಬಹುದು, ಒಪ್ಪುತ್ತೇನೆ. ಹಾಗಾದರೆ ದಿಲ್‌ಸುಖ್‌ನಗರದವರೆಗೆ ನಾನು ಹೊತ್ತು ತಂದದ್ದೇನು? ಈ ಲೆಕ್ಕ ನನಗೆ ಇಂದಿಗೂ ಬಿಡಿಸಲಾಗಿಲ್ಲ.

ಅತ್ತೆ ಆ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹದಿನೆಂಟು ವರ್ಷ ಅವರ ಒಂದೊಂದು ಮಾತಿಗೂ ನಾನು ಸಾಕ್ಷಿ ಕೇಳಿದ್ದೆ. ನನ್ನ ಮಾತಿಗೆ ಅವರು ಸಾಕ್ಷಿ ಕೇಳಲಿಲ್ಲ.